ಕೈತುಂಬ ಸಂಬಳ ಬಿಟ್ಟು ಎಡಿಟಿಂಗ್‌ಗೆ ಹೋಗಲೇ?

ಪ್ರಶ್ನೆ: ನನಗೆ 26 ವರ್ಷ. ಮನೆ ಡೊಂಬಿವಲಿಯಲ್ಲಿ. ಐರೋಲಿಯ ಐಟಿ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್ ಆಗಿ ಸೇರಿ 4 ವರ್ಷ 2 ತಿಂಗಳಾಯಿತು. ಕೈಗೆ 58,000 ರೂಪಾಯಿ ಬರುತ್ತದೆ. ಕೆಲಸದಲ್ಲಿ ತೊಂದರೆ ಏನಿಲ್ಲ, ಮನಸ್ಸೂ ಇಲ್ಲ. ಕಾಲೇಜಿನಿಂದಲೂ ವಿಡಿಯೊ ಎಡಿಟಿಂಗ್ ಹುಚ್ಚು. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬಂದಾಗ ಆಟದ ವಿಡಿಯೊ, ಸಂಘದ ವಾರ್ಷಿಕೋತ್ಸವ, ಗೆಳೆಯರ ಕಿರುಚಿತ್ರ ಎಲ್ಲವನ್ನೂ ರಾತ್ರಿ ಕೂತು ಎಡಿಟ್ ಮಾಡಿ ಕೊಡುತ್ತೇನೆ. ದುಡ್ಡು ತೆಗೆದುಕೊಂಡಿಲ್ಲ, ಎಲ್ಲರೂ ಮೆಚ್ಚುತ್ತಾರೆ. ಈಗ ಅಂಧೇರಿಯ ಸ್ಟುಡಿಯೊವೊಂದು ಅಸಿಸ್ಟೆಂಟ್ ಆಗಿ ಬನ್ನಿ, ತಿಂಗಳಿಗೆ 15,000 ಕೊಡುತ್ತೇವೆ ಎಂದಿದೆ. ಉಳಿತಾಯ 3,40,000 ಇದೆ. ನನ್ನ ಖರ್ಚು 10,000 ದಾಟುವುದಿಲ್ಲ, ಹಾಗಾಗಿ 34 ತಿಂಗಳು ಚಿಂತೆಯಿಲ್ಲ. ಪಿಎಫ್ ಬೇರೆ ಇದೆ. ಮನೆ ಸಾಲದ ಕಂತು 22,200, ಇನ್ನೂ 7 ವರ್ಷ ಬಾಕಿ. ಅದನ್ನು ಕಟ್ಟುವುದು ನಾನೇ, ಸಾಲದಲ್ಲಿ ಸಹ-ಅರ್ಜಿದಾರನೂ ಹೌದು. ಮನೆಗೆ 12,000, ಇಂಜಿನಿಯರಿಂಗ್ ಎರಡನೇ ವರ್ಷದ ತಂಗಿಗೆ 6,000 ಕೊಡುತ್ತೇನೆ. ಅಪ್ಪನಿಗೆ 58 ವರ್ಷ, ಸಕ್ಕರೆ ಕಾಯಿಲೆ. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಇಲ್ಲಿಗೆ ಬಂದು, ಹೋಟೆಲಿನಲ್ಲಿ ದುಡಿಯುತ್ತ ರಾತ್ರಿ ಶಾಲೆಯಲ್ಲಿ ಓದಿದವರು. ಈಗ ಮುಲುಂಡಿನ ಹೋಟೆಲೊಂದರಲ್ಲಿ ಮ್ಯಾನೇಜರ್, ಸಂಬಳ 32,000. ನಾನು ಈ ವಿಷಯ ತೆಗೆದರೆ, "ಖುಷಿ ಅಂದೇಳಿ ಯಾರಾರೂ ಗ್ಲಾಸ್ ತೊಳಿತ್ರಾ ಮಗಾ?" ಎನ್ನುತ್ತಾರೆ. ಒಲವಿನ ಹಿಂದೆ ಹೋಗಲೇ, ಸಂಬಳ ಹಿಡಿದು ಕೂರಲೇ?

ಉತ್ತರ: ಒಲವೋ ಸಂಬಳವೋ ಎಂಬ ಪ್ರಶ್ನೆಗೆ ಬರುವ ಮೊದಲು, ನಿಮ್ಮ ಪತ್ರದ ನಡುವೆ ಸದ್ದಿಲ್ಲದೆ ದಾಟಿಹೋಗುವ "34 ತಿಂಗಳು" ಎಂಬ ಮಾತನ್ನು ಹಿಡಿದು ನಿಲ್ಲಿಸಬೇಕು. ಕೆಲಸ ಬಿಡುವ ಯೋಚನೆಯಲ್ಲಿರುವವರು ಬಹುಪಾಲು ಮುಗ್ಗರಿಸುವುದು ಇಲ್ಲೇ.

ನಿಮ್ಮ ಖರ್ಚು 10,000 ಎಂದು ಬರೆದಿದ್ದೀರಿ. ಅದರ ಮೇಲೆ ಕಂತು 22,200, ಮನೆಗೆ 12,000, ತಂಗಿಗೆ 6,000, ಒಟ್ಟು 40,200. ಇವು ನಿಮ್ಮ ಹೊಟ್ಟೆಗೆ ಹೋಗದ ದುಡ್ಡು ಎಂದು ಲೆಕ್ಕದಿಂದ ಬಿಟ್ಟುಹೋಗಿವೆ. ಆದರೆ ಹೊರಡುವುದು ನಿಮ್ಮ ಖಾತೆಯಿಂದಲೇ. ಅಲ್ಲಿಗೆ ತಿಂಗಳ ಖರ್ಚು 50,200. ಸ್ಟುಡಿಯೊದ 15,000 ಕಳೆದರೆ ಪ್ರತಿ ತಿಂಗಳ ಕೊರತೆ 35,200. ನಿಮ್ಮ 3,40,000 ಆಗ ಒಂಬತ್ತೂವರೆ ತಿಂಗಳಿಗೆ ಮುಗಿಯುತ್ತದೆ.

ಅದೂ ಡೊಂಬಿವಲಿಯಲ್ಲೇ ಇದ್ದುಕೊಂಡು ಹೋಗಿಬಂದರೆ. ಎಡಿಟ್ ಮುಗಿಯುವ ಹೊತ್ತಿಗೂ ಲೋಕಲಿನ ಟೈಮ್ ಟೇಬಲ್ಲಿಗೂ ಸಂಬಂಧವಿಲ್ಲ. ಅಂಧೇರಿಯಿಂದ ಮೆಟ್ರೊ ಹಿಡಿದು ಘಾಟ್ಕೋಪರ್, ಅಲ್ಲಿಂದ ಸೆಂಟ್ರಲ್ ಲೈನು. ರಾತ್ರಿ ಎರಡು ಗಂಟೆಗೆ ಎಡಿಟಿಂಗ್ ಕೋಣೆಯಿಂದ ಹೊರಬಿದ್ದರೆ ಎರಡೂ ಇರುವುದಿಲ್ಲ. ಮೂರನೇ ತಿಂಗಳಿಗೆ ಅಂಧೇರಿ ಅಥವಾ ಜೋಗೇಶ್ವರಿಯಲ್ಲಿ ಪಿಜಿ ಹುಡುಕುತ್ತೀರಿ. ಹಂಚಿಕೊಂಡ ಕೋಣೆಗೆ 12,000 ಎಂದು ಇಟ್ಟುಕೊಳ್ಳಿ, ಡಿಪಾಸಿಟ್ ಬೇರೆ. ಕೊರತೆ 47,200ಕ್ಕೆ ಏರಿತು. ಏಳು ತಿಂಗಳ ದುಡ್ಡು. ಇನ್ನು ಸಕ್ಕರೆ ಕಾಯಿಲೆಯ ತಂದೆ ಇರುವ ಮನೆಯಲ್ಲಿ ಒಂದು ಲಕ್ಷವಾದರೂ ಮುಟ್ಟದೆ ಇಡಬೇಕಲ್ಲ? ಉಳಿದ 2,40,000 ಬರುವುದು 5 ತಿಂಗಳು. 34 ಎಂದುಕೊಂಡದ್ದು 5.

ಪಿಎಫ್ ಅನ್ನು ಈ ಲೆಕ್ಕಕ್ಕೆ ತರಬೇಡಿ. ಬಹಳಷ್ಟು ಕಂಪನಿಗಳು 15,000 ಸಂಬಳದ ಮಿತಿಗೆ ಮಾತ್ರ ಪಿಎಫ್ ಕಟ್ಟುತ್ತವೆ. ನಿಮ್ಮದೂ ಹಾಗಿದ್ದರೆ ನಿಮ್ಮ ಪಾಲು 1,800, ಕಂಪನಿಯ ಪಾಲು 1,800. ಕಂಪನಿಯ ಪಾಲಿನಲ್ಲಿ 1,250 ಪಿಂಚಣಿ ಖಾತೆಗೆ ಹೋಗಿ ಪಿಎಫ್‌ಗೆ ಬೀಳುವುದು 550 ಮಾತ್ರ. ತಿಂಗಳಿಗೆ 2,350ರಂತೆ 50 ತಿಂಗಳಿಗೆ 1,17,500, ಮೇಲೆ ಬಡ್ಡಿ. ಒಟ್ಟು ಸೇವೆ 5 ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆ ವಿನಾಯಿತಿಯೂ ಇಲ್ಲ. ಪಾಸ್‌ಬುಕ್ ತೆಗೆದು ಒಮ್ಮೆ ನೋಡಿ, ಅಲ್ಲೇ ಬಿಟ್ಟುಬಿಡಿ.

ಇಷ್ಟು ಓದಿ "ಹಾಗಾದರೆ ಆಗುವುದಿಲ್ಲ ಎನ್ನುತ್ತೀರಿ" ಎಂದುಕೊಳ್ಳಬೇಡಿ. ಆಗುತ್ತದೆ, ಈ ತಿಂಗಳು ಆಗುವುದಿಲ್ಲ ಅಷ್ಟೆ.

ಇನ್ನು ಒಲವಿನ ಮಾತು. ನಿಮಗೆ ಇಷ್ಟವಾಗಿರುವುದು ಕಟ್ ಮಾಡುವುದು. ಬಣ್ಣದ ವೇಷ ತೆರೆಯ ಹಿಂದಿನಿಂದ ಎದ್ದು ಬರುವ ಕ್ಷಣಕ್ಕೆ ಚೆಂಡೆಯ ಯಾವ ಪೆಟ್ಟಿನಲ್ಲಿ ಕ್ಯಾಮೆರಾ ಬದಲಿಸಬೇಕು ಎಂದು ರಾತ್ರಿ ಒಂದು ಗಂಟೆಯಲ್ಲಿ ತಲೆಕೆಡಿಸಿಕೊಳ್ಳುವ ಸುಖ. ಆದರೆ 15,000ಕ್ಕೆ ಕರೆಯುತ್ತಿರುವ ಕೆಲಸದಲ್ಲಿ ಮೊದಲ ಒಂದೆರಡು ವರ್ಷ ನೀವು ಕಟ್ ಮಾಡುವುದು ಅಪರೂಪ. ಅಸಿಸ್ಟೆಂಟ್ ಮಾಡುವ ಕೆಲಸ ಬೇರೆಯೇ.

ಶೂಟಿಂಗ್ ಮುಗಿದ ರಾತ್ರಿ ಕಾರ್ಡು, ಹಾರ್ಡ್ ಡಿಸ್ಕು ಬಂದು ಮೇಜಿನ ಮೇಲೆ ಬೀಳುತ್ತದೆ. ಅದನ್ನು ಕನಿಷ್ಠ ಮೂರು ಕಡೆ ನಕಲು ಮಾಡಬೇಕು. ಬರೀ ಎಳೆದು ಬಿಟ್ಟರೆ ಸಾಲದು. ಪ್ರತಿ ಫೈಲೂ ಮೂಲದಂತೆಯೇ ಇದೆಯೇ ಎಂದು ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹಾಕಿ ತಾಳೆ ನೋಡಬೇಕು. ತಾಳೆ ಆಗುವ ಮೊದಲು ಕಾರ್ಡನ್ನು ಫಾರ್ಮ್ಯಾಟ್‌ಗೆ ಕೊಟ್ಟ ಅಸಿಸ್ಟೆಂಟ್‌ಗೆ ಆ ಸ್ಟುಡಿಯೊದಲ್ಲಿ ಎರಡನೇ ಅವಕಾಶ ಸಿಗುವುದಿಲ್ಲ. 4ಕೆ ಪ್ರೊರೆಸ್ 422 ಎಚ್‌ಕ್ಯೂ ಎಂಬ ಉತ್ತಮ ಗುಣಮಟ್ಟದ ಬಗೆಯ ಫೈಲು ಗಂಟೆಗೆ 300 ಜಿಬಿ ದಾಟುವುದರಿಂದ ಅದರ ಹಗುರ ನಕಲು, ಅಂದರೆ ಪ್ರಾಕ್ಸಿ ತೆಗೆಯಬೇಕು. ಬೇರೆಯಾಗಿ ದಾಖಲಾದ ಧ್ವನಿಯನ್ನು ಕ್ಲ್ಯಾಪ್ ನೋಡಿ ಚಿತ್ರಕ್ಕೆ ಹೊಂದಿಸಬೇಕು. ಸೀನ್, ಶಾಟ್, ಟೇಕ್ ಎಂದು ಹೆಸರಿಡಬೇಕು, ಸೆಟ್‌ನಿಂದ ಬಂದ ಶೀಟಿನ ಜತೆ ಹೋಲಿಸಬೇಕು. ಬೆಳಿಗ್ಗೆ ಎಡಿಟರ್ ಬಂದು ಕೂರುವ ಹೊತ್ತಿಗೆ ಎಲ್ಲ ಆಯಾ ಬಿನ್‌ನಲ್ಲಿ (ಎಡಿಟಿಂಗ್ ಸಾಫ್ಟ್‌ವೇರಿನ ಫೋಲ್ಡರಿನಲ್ಲಿ) ಸಿದ್ಧವಿರಬೇಕು. ಎಡಿಟ್ ಲಾಕ್ ಆದ ಮೇಲೆ ಸೌಂಡ್‌ನವರಿಗೆ ಎಎಎಫ್, ಬಣ್ಣ ತಿದ್ದುವವರಿಗೆ ಎಕ್ಸ್‌ಎಂಎಲ್ ಅಥವಾ ಇಡಿಎಲ್ ಎಂಬ, ಎಡಿಟಿನ ವಿವರ ಹೊತ್ತ ಫೈಲುಗಳನ್ನು ಕಳಿಸುವುದು. ಟೈಮ್‌ಕೋಡ್ (ಪ್ರತಿ ಫ್ರೇಮಿನ ಸಮಯದ ಗುರುತು) ಆರಂಭ ತಪ್ಪುವುದು, ಎರಡು ಕ್ಯಾಮೆರಾಗಳ ಫ್ರೇಮ್ ರೇಟ್ ಬೇರೆಯಾಗಿದ್ದದ್ದು ಕಣ್ತಪ್ಪಿ ಹೋಗುವುದು, ಶಾಟಿನ ಹಿಂದೆಮುಂದೆ ಕೊಡಬೇಕಾದ ಹೆಚ್ಚುವರಿ ಫ್ರೇಮ್‌ಗಳನ್ನು ಮರೆಯುವುದು ಇಲ್ಲಿ ದಿನನಿತ್ಯದ ಅನಾಹುತಗಳು. ತಪ್ಪು ಹತ್ತು ದಿನದ ಬಳಿಕ ಇನ್ನೊಂದು ಸ್ಟುಡಿಯೊದಲ್ಲಿ ಗೊತ್ತಾಗುತ್ತದೆ, ಫೋನು ನಿಮಗೆ ಬರುತ್ತದೆ.

ಓದುತ್ತಿದ್ದಂತೆ ಏನಾದರೂ ನೆನಪಾಯಿತೇ? ಹೆಸರಿಡುವ ಶಿಸ್ತು, ತಾಳೆ ನೋಡುವುದು, ಇನ್ನೊಬ್ಬರ ಕೆಲಸದ ತಪ್ಪು ಹುಡುಕುವುದು. ನೀವು ಬಿಟ್ಟುಬರಬೇಕೆಂದಿರುವ ಟೆಸ್ಟಿಂಗ್‌ಗೆ ಇದು ಖಾಸಾ ತಮ್ಮ. ಇದು ಕೆಟ್ಟ ಸುದ್ದಿಯೋ ಒಳ್ಳೆಯ ಸುದ್ದಿಯೋ ಎಂಬುದು ಒಂದೇ ವಿಷಯದ ಮೇಲೆ ನಿಂತಿದೆ. ನಿಮಗೆ ಬೇಸರ ಬಂದಿರುವುದು ಈ ಬಗೆಯ ಕೆಲಸದ ಮೇಲೋ, ಯಾರಿಗಾಗಿ ಯಾಕಾಗಿ ಮಾಡುತ್ತಿದ್ದೇನೆ ಎಂದು ತಿಳಿಯದ ಆ ಪ್ರಾಜೆಕ್ಟಿನ ಮೇಲೋ? ಮೊದಲನೆಯದಾದರೆ ಅಂಧೇರಿಯಲ್ಲೂ ಆರು ತಿಂಗಳಿಗೆ ಅದೇ ಬೇಸರ, ಕಾಲು ಭಾಗದ ಸಂಬಳದಲ್ಲಿ. ಎರಡನೆಯದಾದರೆ ನಾಲ್ಕು ವರ್ಷದ ಟೆಸ್ಟಿಂಗ್ ಅನುಭವವೇ ನಿಮ್ಮ ಬಂಡವಾಳ, ಅದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಸೂಕ್ಷ್ಮ ಇದೆ. ನೀವು ಈವರೆಗೆ ಮಾಡಿದ್ದೆಲ್ಲ ಪುಕ್ಕಟೆ. ಪುಕ್ಕಟೆ ಕೆಲಸವನ್ನು ಯಾರೂ ಹಳಿಯುವುದಿಲ್ಲ. ದುಡ್ಡು ಕೊಟ್ಟ ದಿನ ಅದೇ ಸಂಘದ ಕಾರ್ಯದರ್ಶಿ, "ಅಧ್ಯಕ್ಷರ ಭಾಷಣ ಪೂರ್ತಿ ಬರಬೇಕು, ವೇಷದ ಪ್ರವೇಶ ಸ್ವಲ್ಪ ಕಮ್ಮಿ ಮಾಡಿ" ಎನ್ನುತ್ತಾರೆ. ಐದನೇ ಸಲ ತಿದ್ದುವಾಗಲೂ ಕೈ ಓಡುತ್ತದೆಯೇ ಎಂಬುದು ನಿಮಗಿನ್ನೂ ಗೊತ್ತಿಲ್ಲ. ಖುಷಿಗೆ ಮಾಡುತ್ತಿದ್ದುದಕ್ಕೆ ಬಹುಮಾನ ಸೇರಿದರೆ ಖುಷಿಯ ಬಣ್ಣ ಬದಲಾಗಬಹುದು ಎಂಬುದು ಮನಶ್ಶಾಸ್ತ್ರದಲ್ಲಿ ಹಳೆಯ ಮಾತು. 1973ರಲ್ಲಿ ಅಮೆರಿಕದ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು, ತಾವಾಗಿಯೇ ಚಿತ್ರ ಬಿಡಿಸುವುದರಲ್ಲಿ ಆಸಕ್ತಿಯಿದ್ದ ನರ್ಸರಿ ಮಕ್ಕಳಲ್ಲಿ ಕೆಲವರಿಗೆ ಮಾತ್ರ "ಬಿಡಿಸಿದರೆ ಬಹುಮಾನ" ಎಂದು ಮೊದಲೇ ಹೇಳಿ ನೋಡಿದರು. ಮುಂದೆ ಬಹುಮಾನವಿಲ್ಲದೆ ಬಿಟ್ಟಾಗ ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಮಕ್ಕಳ ಸ್ಕೆಚ್ ಪೆನ್ನಿನಿಂದ ನೇರ ನಿಮ್ಮ ಕೆರಿಯರಿಗೆ ಹಾರಬೇಕಿಲ್ಲ. ಆದರೆ ನೌಕರಿ ಬಿಡುವ ಮೊದಲು ದುಡ್ಡು ಪಡೆದು ಎಡಿಟ್ ಮಾಡಿ ನೋಡುವುದು ಯಾಕೆ ಬೇಕು ಎಂಬುದಕ್ಕೆ ಇಷ್ಟು ಸಾಕು.

ಕಿವಿಯಲ್ಲಿ ಸುತ್ತುವ ಕೆಲವು ಮಾತುಗಳಿವೆ. ಇಷ್ಟದ ಕೆಲಸಕ್ಕೆ ದಣಿವಿಲ್ಲ ಎನ್ನುತ್ತಾರೆ. 14 ಗಂಟೆ ಪರದೆ ನೋಡಿದರೆ ಕಣ್ಣೂ ಸೊಂಟವೂ ಇಷ್ಟ-ಕಷ್ಟ ಕೇಳುವುದಿಲ್ಲ. ಐಟಿ ಎಂದರೆ ಭದ್ರ ಎನ್ನುತ್ತಾರೆ. ಕೈಯಿಂದ ಮಾಡುವ ಟೆಸ್ಟಿಂಗನ್ನು ಆಟೊಮೇಶನ್, ಈಗ ಎಐ ತಿನ್ನುತ್ತಿರುವುದು ನಿಮಗೇ ಗೊತ್ತು. ನೀವು ಆಟೊಮೇಶನ್ ಕಲಿತಿಲ್ಲವಾದರೆ ಈಗಿನ 58,000ವೂ ಶಾಶ್ವತ ಕಂಬವೇನಲ್ಲ. ಹಾಗೆಂದು ಎಡಿಟಿಂಗ್ ಬಚಾವಾಗಿಲ್ಲ. ಮಾತನ್ನು ಬರಹಕ್ಕಿಳಿಸುವುದು, ಸಬ್‌ಟೈಟಲ್, ಹಲವು ಕ್ಯಾಮೆರಾಗಳನ್ನು ಹೊಂದಿಸುವುದು ಎಂಬಂಥ ಅಸಿಸ್ಟೆಂಟ್ ಕೆಲಸಗಳಿಗೇ ಮೊದಲು ಯಂತ್ರ ಕೈಹಾಕಿದೆ. ಇನ್ನು ಮೂವತ್ತು ದಾಟಿದರೆ ಬಸ್ಸು ತಪ್ಪಿತು ಎಂಬ ಹೆದರಿಕೆ. ಈ ಕಸುಬಿನಲ್ಲಿ ವಯಸ್ಸು ಕೇಳುವವರು ಕಡಿಮೆ, ಹಿಂದಿನ ಕೆಲಸ ತೋರಿಸಿ ಎನ್ನುವವರೇ ಹೆಚ್ಚು. ಹತ್ತು ತಿಂಗಳು ತಡವಾದರೆ ಏನೂ ಕೆಡುವುದಿಲ್ಲ.

ತಂದೆಯವರ ಮಾತಿಗೆ ಬರೋಣ. ಖುಷಿಗೆಂದು ಯಾರೂ ಗ್ಲಾಸ್ ತೊಳೆಯುವುದಿಲ್ಲ, ನಿಜ. ಆದರೆ ಅವರು ಗ್ಲಾಸ್ ತೊಳೆಯುವುದರಲ್ಲೇ ನಿಲ್ಲಲೂ ಇಲ್ಲ. ಹಗಲು ಹೋಟೆಲು, ರಾತ್ರಿ ಶಾಲೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹುಡುಗರು ಗಲ್ಲೆಗೆ, ಬ್ಯಾಂಕಿಗೆ, ಕಚೇರಿಗೆ ದಾಟಿದ್ದು ಹಾಗೆಯೇ. ಊಟ ಕೊಡುವ ಕೆಲಸವನ್ನು ಬಿಡದೆ, ಇನ್ನೊಂದು ಕಾಲನ್ನು ಆಚೆ ದಡದ ಮೇಲೆ ಊರಿಕೊಂಡು. ನಾನು ನಿಮಗೆ ಹೇಳಹೊರಟಿರುವುದೂ ಅದೇ ದಾರಿ. ಅವರ ಬಳಿ ಕೂತಾಗ ಪ್ಯಾಶನ್ ಎಂಬ ಶಬ್ದ ಬಿಟ್ಟು ಈ ಹೋಲಿಕೆ ಕೊಟ್ಟುನೋಡಿ.

ಮುಂದಿರುವ ದಾರಿಗಳಲ್ಲಿ, ಈಗಲೇ ರಾಜೀನಾಮೆ ಕೊಟ್ಟು ಅಂಧೇರಿಗೆ ಹೋಗುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಐದು ತಿಂಗಳ ದುಡ್ಡು ಇಟ್ಟುಕೊಂಡು ಎರಡು ವರ್ಷದ ಅಪ್ರೆಂಟಿಸ್‌ಗಿರಿಗೆ ಇಳಿದಂತೆ. ಆರನೇ ತಿಂಗಳು ಕ್ರೆಡಿಟ್ ಕಾರ್ಡು, ಎಂಟನೇ ತಿಂಗಳು ಕಂತು ತಪ್ಪುವುದು, ಆಮೇಲೆ ಸಿಕ್ಕ ಐಟಿ ಕೆಲಸಕ್ಕೆ ಮೊದಲಿಗಿಂತ ಕಡಿಮೆ ಸಂಬಳಕ್ಕೆ ವಾಪಸು. ಹೀಗೆ ಹಿಂದಿರುಗಿದವರು ಎಡಿಟಿಂಗ್ ಮೇಲೆ ಮುನಿಸಿಕೊಂಡು ವಿಡಿಯೊ ಮುಟ್ಟುವುದನ್ನೇ ಬಿಡುತ್ತಾರೆ, ಅದೇ ದೊಡ್ಡ ನಷ್ಟ.

ಪುಣೆಯ ಸರಕಾರಿ ಸಿನಿಮಾ ಶಾಲೆ ಎಫ್‌ಟಿಐಐ ಇನ್ನೊಂದು ದಾರಿ. 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೊ ಜಾಗದಲ್ಲಿ ಆರಂಭವಾದ ಸಂಸ್ಥೆ. ಎಡಿಟಿಂಗ್‌ನಲ್ಲಿ 3 ವರ್ಷದ ಸ್ನಾತಕೋತ್ತರ ಕೋರ್ಸಿದೆ, ಯಾವುದೇ ಪದವಿ ಸಾಕು, ಪ್ರವೇಶ ಪರೀಕ್ಷೆ ಇದೆ. ಕಲಿಕೆಗೂ ಜನರ ಪರಿಚಯಕ್ಕೂ ಅದಕ್ಕೆ ಸಾಟಿ ಕಡಿಮೆ. ಆದರೆ ಸೀಟು ಬೆರಳೆಣಿಕೆ, ಮೂರು ವರ್ಷ ಆದಾಯವಿಲ್ಲ, ಮನೆ ಕಂತು ಮಾತ್ರ ನಿಲ್ಲುವುದಿಲ್ಲ. ತಂಗಿ ಓದು ಮುಗಿಸಿ ದುಡಿಯಲು ತೊಡಗಿದ ಮೇಲೆ, ಎರಡು ಎರಡೂವರೆ ವರ್ಷದ ಬಳಿಕ, ಇದನ್ನು ಮತ್ತೆ ಮೇಜಿನ ಮೇಲೆ ಇಡಿ. ಆ ನಡುವೆ ಲಕ್ಷಗಟ್ಟಲೆ ಶುಲ್ಕದ ಆರು ತಿಂಗಳ ಖಾಸಗಿ ಕೋರ್ಸುಗಳು ಕರೆಯುತ್ತವೆ. ಬಹುತೇಕ ಕಡೆ ಕಲಿಸುವುದು ಯಾವ ಬಟನ್ ಎಲ್ಲಿದೆ ಎಂಬುದನ್ನು. ಅದನ್ನು ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿ, ಅದನ್ನು ತಯಾರಿಸುವ ಕಂಪನಿಯೇ ಉಚಿತವಾಗಿ ಕೊಡುವ ತರಬೇತಿ ಪುಸ್ತಕ ಇಟ್ಟುಕೊಂಡು ಶನಿವಾರ ಭಾನುವಾರಗಳಲ್ಲಿ ಕಲಿಯಬಹುದು. ಸೇರಲೇಬೇಕೆನಿಸಿದರೆ ಕಳೆದ ವರ್ಷದ ಬ್ಯಾಚಿನ ಐದು ಜನರ ಜತೆ ನೀವೇ ಮಾತಾಡಿ. ಸಂಸ್ಥೆ ತಾನಾಗಿ ಆರಿಸಿ ಕೊಟ್ಟ ಇಬ್ಬರ ಜತೆ ಮಾತಾಡಿದರೆ ಉಪಯೋಗವಿಲ್ಲ.

ನನ್ನ ಒಲವಿರುವುದು ನಡುವಿನ ಸೇತುವೆಯ ಮೇಲೆ. ಸಿನಿಮಾ, ವೆಬ್ ಸರಣಿಗಳನ್ನು ಓಟಿಟಿಗೆ ಒಪ್ಪಿಸುವ ಮೊದಲು ಫೈಲನ್ನು ಮೊದಲಿಂದ ಕೊನೆಯವರೆಗೆ ನೋಡಿ ದೋಷ ಬರೆಯುವ ಕೆಲಸವಿದೆ, ಅದಕ್ಕೆ ಕ್ಯೂಸಿ ಎನ್ನುತ್ತಾರೆ. ಕಳೆದುಹೋದ ಫ್ರೇಮು, ಸತ್ತ ಪಿಕ್ಸೆಲ್, ತುಟಿಗೆ ಹೊಂದದ ಮಾತು, ಅರ್ಧ ಸೆಕೆಂಡು ತಡವಾದ ಸಬ್‌ಟೈಟಲ್, ಧ್ವನಿಯ ಮಟ್ಟ. ನೆಟ್‌ಫ್ಲಿಕ್ಸ್ ಮಾತಿನ ಧ್ವನಿಗೆ ಸರಾಸರಿ ಮೈನಸ್ 27 ಎಲ್‌ಕೆಎಫ್‌ಎಸ್ (ಧ್ವನಿಯ ಜೋರು ಅಳೆಯುವ ಮಾನ) ಕೇಳುತ್ತದೆ, 2 ಹೆಚ್ಚು-ಕಡಿಮೆ ಆಗಬಹುದು. ಅದನ್ನು ಮೀರಿದರೆ ಫೈಲು ವಾಪಸು. ಬಗ್ ರಿಪೋರ್ಟ್ ಬರೆದು ಕೈ ಪಳಗಿದ ನಿಮಗೆ ಇದರ ಭಾಷೆ ಬೇಗ ಹತ್ತುತ್ತದೆ. ಇದರ ಪಕ್ಕದಲ್ಲೇ ಪೋಸ್ಟ್ ಪ್ರೊಡಕ್ಷನ್ ಕೋಆರ್ಡಿನೇಟರ್ ಕೆಲಸ. ಇನ್ನೂ ಹತ್ತಿರದ್ದು ಬೇಕೆಂದರೆ ವಿಡಿಯೊ ಸಾಫ್ಟ್‌ವೇರ್, ಸ್ಟ್ರೀಮಿಂಗ್ ಆ್ಯಪ್ ತಯಾರಿಸುವ ಕಂಪನಿಯಲ್ಲಿ ಟೆಸ್ಟರ್ ಕೆಲಸ. ಅಲ್ಲಿ ಸಂಬಳ ಹೆಚ್ಚು ಇಳಿಯಬೇಕಿಲ್ಲ. ಅಪಾಯ ಇಲ್ಲವೆಂದಲ್ಲ. ಕ್ಯೂಸಿಯಲ್ಲಿ ರಾತ್ರಿ ಪಾಳಿ ಇದೆ, ಐಟಿಗಿಂತ ಸಂಬಳ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ, "ಅವನು ಕ್ಯೂಸಿಯವನು" ಎಂಬ ಹಣೆಪಟ್ಟಿ ಅಂಟಿ ಯಾರೂ ಕಟ್ ಮಾಡಲು ಕೊಡದಿರಬಹುದು. ಅದನ್ನು ತಪ್ಪಿಸಲು ವಾರಾಂತ್ಯದ ಎಡಿಟಿಂಗ್ ನಿಲ್ಲಬಾರದು.

ನೌಕರಿಯನ್ನು ಇಟ್ಟುಕೊಂಡು ಎಡಿಟಿಂಗನ್ನು ಜೀವನಪೂರ್ತಿ ಸಂಜೆಯ ಕೆಲಸವಾಗಿಯೇ ಉಳಿಸಿಕೊಳ್ಳುವುದೂ ಸೋಲಲ್ಲ. ದುಡ್ಡಿನ ಹಂಗಿಲ್ಲದೆ ಆಟದ ವಿಡಿಯೊವನ್ನು ತನಗೆ ಬೇಕಾದಂತೆ ಕತ್ತರಿಸುವ ಸ್ವಾತಂತ್ರ್ಯ ವೃತ್ತಿಪರ ಎಡಿಟರಿಗೂ ಇರುವುದಿಲ್ಲ.

ಸೇತುವೆಯ ದಾರಿ ಹಿಡಿದರೂ ಹೊರಡುವ ದಿನವನ್ನು ಹತ್ತು ತಿಂಗಳು ಮುಂದಕ್ಕೆ ಹಾಕಿ. ಮೊದಲ ಕಾರಣ ಗ್ರಾಚ್ಯುಯಿಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಕಂಪನಿ ಕೊಡುವ ಇಡಿಗಂಟು. ಕಾಯಂ ನೌಕರನಿಗೆ 5 ವರ್ಷ ತುಂಬಿದಾಗ ಅದು ಹಕ್ಕು. ನಿಮ್ಮ ಮೂಲವೇತನ 28,000 ಎಂದು ಹಿಡಿದರೆ 28,000ವನ್ನು 26ರಿಂದ ಭಾಗಿಸಿ, 15ರಿಂದ ಮತ್ತು 5ರಿಂದ ಗುಣಿಸಿ, 80,769 ರೂಪಾಯಿ. ಜತೆಗೆ ಈಗ ನಿಮಗೆ ತಿಂಗಳಿಗೆ ಉಳಿಯುವ ಸುಮಾರು 8,000 ಹತ್ತು ತಿಂಗಳಿಗೆ 80,000. ಕೈಯಲ್ಲಿ 5 ಲಕ್ಷ ಆಯಿತು. ಅದರಲ್ಲಿ ಲಕ್ಷ ಪಕ್ಕಕ್ಕಿಟ್ಟು, 35,000 ಸಂಬಳದ ಸೇತುವೆ ಕೆಲಸ ಸಿಕ್ಕಿತು ಎಂದುಕೊಳ್ಳಿ. ಪಿಜಿ ಸೇರಿಸಿಯೂ ಕೊರತೆ 27,200. ಹದಿನಾಲ್ಕೂವರೆ ತಿಂಗಳು ಉಸಿರಾಡಬಹುದು. ಐದಕ್ಕೂ ಇದಕ್ಕೂ ಇರುವ ಅಂತರ ನೋಡಿ.

ಸಂಬಳದ ಚೀಟಿ ಕೈಯಲ್ಲಿರುವಾಗಲೇ ಮುಗಿಸಬೇಕಾದ ಕೆಲಸಗಳಿವೆ. ನೌಕರಿ ಬಿಟ್ಟವನಿಗೆ ಬ್ಯಾಂಕಿನ ಬಾಗಿಲು ಕಿರಿದಾಗುತ್ತದೆ, ಎರಡು ವರ್ಷದ ಆದಾಯ ತೆರಿಗೆ ರಿಟರ್ನ್ ತನ್ನಿ ಎನ್ನುತ್ತಾರೆ. ಹಾಗಾಗಿ ಸಾಲದ ಅವಧಿ ವಿಸ್ತರಿಸುವುದಿದ್ದರೆ ಈಗಲೇ ಕೇಳಬೇಕು. ನಿಮ್ಮ ಕಂತು, ಉಳಿದ ಅವಧಿ ನೋಡಿದರೆ, ಬಡ್ಡಿ 8.5% ಎಂದಾದಲ್ಲಿ ಬಾಕಿ ಅಸಲು ಸುಮಾರು 14 ಲಕ್ಷ. 7 ವರ್ಷವನ್ನು 12 ಮಾಡಿಸಿದರೆ ಕಂತು ಹತ್ತಿರ ಹತ್ತಿರ 15,500ಕ್ಕೆ ಇಳಿಯುತ್ತದೆ, ತಿಂಗಳಿಗೆ 6,600 ಹಗುರ. ಆದರೆ ಒಟ್ಟು ಬಡ್ಡಿ 4.6 ಲಕ್ಷದಿಂದ 8.4 ಲಕ್ಷಕ್ಕೆ ಏರುತ್ತದೆ. ನಿಮ್ಮ ಎಡಿಟಿಂಗ್ ಕನಸಿನ ಮೇಲೆ ಅಂಟಿಸಬಹುದಾದ ಅತ್ಯಂತ ಪ್ರಾಮಾಣಿಕ ಬೆಲೆಚೀಟಿ ಇದು. ತಂದೆಯವರ ವಯಸ್ಸು ನೋಡಿ ಬ್ಯಾಂಕು ತಕರಾರು ತೆಗೆಯಬಹುದು, ನೀವು ಸಹ-ಅರ್ಜಿದಾರನಾಗಿರುವುದು ಅಲ್ಲಿ ಸಹಾಯಕ್ಕೆ ಬರುತ್ತದೆ. ನನ್ನನ್ನು ಕೇಳಿದರೆ ಮೊದಲು ಇದನ್ನು ಮುಟ್ಟಬೇಡಿ, ಎರಡನೇ ಆಯ್ಕೆಯಾಗಿ ಇಟ್ಟುಕೊಳ್ಳಿ. ಸಹ-ಅರ್ಜಿದಾರ ಎಂದರೆ ಪೂರ್ತಿ ಸಾಲಕ್ಕೆ ನೀವೂ ಹೊಣೆ. 90 ದಿನ ಕಂತು ನಿಂತರೆ ಸಾಲ ಎನ್‌ಪಿಎ, ಅಂದರೆ ಸುಸ್ತಿ ಸಾಲದ ಪಟ್ಟಿಗೆ ಹೋಗುತ್ತದೆ, ಮಸಿ ಇಬ್ಬರ ಹೆಸರಿಗೂ ತಾಗುತ್ತದೆ.

ಆರೋಗ್ಯ ವಿಮೆಯನ್ನು ಜನ ಮರೆಯುತ್ತಾರೆ. ಕಂಪನಿಯ ಗುಂಪು ವಿಮೆಯಲ್ಲಿ ತಂದೆ ತಾಯಿ ಇದ್ದರೆ, ಸಾಮಾನ್ಯವಾಗಿ ನಿಮ್ಮ ಕೊನೆಯ ದಿನವೇ ಅವರಿಗೂ ಕೊನೆಯ ದಿನ. ಹೊಸದಾಗಿ ಪಾಲಿಸಿ ತೆಗೆದರೆ ಸಕ್ಕರೆ ಕಾಯಿಲೆಯಂಥ ಹಳೆಯ ರೋಗಕ್ಕೆ 3 ವರ್ಷದವರೆಗೆ ಕಾಯಬೇಕಾಗಬಹುದು. ನೋಟಿಸ್ ಕೊಡುವ ಮೊದಲೇ ಎಚ್‌ಆರ್ ಮೂಲಕ ಅದೇ ವಿಮಾ ಕಂಪನಿಯನ್ನು ಕೇಳಿ, ಗುಂಪಿನಿಂದ ವೈಯಕ್ತಿಕ ಪಾಲಿಸಿಗೆ ವರ್ಗವಾಗುವ ದಾರಿ ಇದೆ. ಹಿಂದೆ ಕಾಯ್ದ ಅವಧಿ ಲೆಕ್ಕಕ್ಕೆ ಬರುತ್ತದೆ. ಕೊನೆಯ ದಿನ ದಾಟಿದ ಮೇಲೆ ಕೇಳಿದರೆ ಆ ಬಾಗಿಲು ಮುಚ್ಚಿರುತ್ತದೆ.

ನೇಮಕಾತಿ ಪತ್ರವನ್ನು ಮತ್ತೆ ಓದಿ. ಬಿಡುವಿನ ವೇಳೆಯಲ್ಲಿ ಹೊರಗಿನ ಕೆಲಸ ಮಾಡಬಾರದೆಂಬ ಷರತ್ತು ಐಟಿ ಕಂಪನಿಗಳಲ್ಲಿ ಸಾಮಾನ್ಯ. ಪ್ರತಿಸ್ಪರ್ಧಿಗಳಿಗೆ ದುಡಿದರೆಂದು 2022ರಲ್ಲಿ ಒಂದೇ ಕಂಪನಿ 300 ಜನರನ್ನು ಮನೆಗೆ ಕಳಿಸಿತ್ತು. ಯಕ್ಷಗಾನದ ವಿಡಿಯೊ ಯಾರಿಗೂ ಪ್ರತಿಸ್ಪರ್ಧಿಯಲ್ಲ, ಆದರೂ ಎಚ್‌ಆರ್‌ಗೆ ಮೇಲ್ ಹಾಕಿ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಒಂದು ಫ್ರೇಮೂ ಎಡಿಟ್ ಮಾಡಬೇಡಿ.

ಎಡಿಟಿಂಗ್ ದುಡ್ಡಿನ ಸ್ವಭಾವವೂ ತಿಳಿದಿರಲಿ. ಸಂಬಳ ಒಂದನೇ ತಾರೀಕಿಗೆ ಬರುತ್ತದೆ, ಇದು ಕೇಳಿದಾಗ ಬರುತ್ತದೆ. ಮುಂಬಯಿಯ ಟಿವಿ ಲೋಕದಲ್ಲಿ 90 ದಿನಕ್ಕೆ ಪಾವತಿ ಎಂಬುದು ಹಳೆಯ ರೂಢಿ. ಪ್ರಾಜೆಕ್ಟಿನ ನಡುವೆ ಖಾಲಿ ತಿಂಗಳುಗಳೂ ಇರುತ್ತವೆ, ಹಾಗಾಗಿ ವರ್ಷದ ಆದಾಯವನ್ನು 8 ತಿಂಗಳಿಗೆ ಲೆಕ್ಕ ಹಾಕಿ. ಸ್ವತಂತ್ರವಾಗಿ ಕೆಲಸ ಹಿಡಿದಾಗ 40% ಮುಂಗಡ, ಎಷ್ಟು ಸಲ ತಿದ್ದುಪಡಿ ಎಂಬ ಮಿತಿ, ಎರಡೂ ಮೇಲ್‌ನಲ್ಲಿರಲಿ. ಒಪ್ಪಿಗೆಗೆ ಕಳಿಸುವ ಪ್ರತಿಯ ಮೇಲೆ ವಾಟರ್‌ಮಾರ್ಕ್ ಇರಲಿ, ಪೂರ್ತಿ ದುಡ್ಡು ಬಂದ ಮೇಲೆ ಮೂಲ ಗುಣಮಟ್ಟದ ಫೈಲು. ಸಣ್ಣ ಉದ್ಯಮಗಳಿಗೆಂದು ಸರಕಾರ ಮಾಡುವ ಉದ್ಯಮ್ ನೋಂದಣಿ ಉಚಿತ, ಮಾಡಿಸಿಡಿ. ಆಗ ಲಿಖಿತ ಒಪ್ಪಂದವಿದ್ದರೂ ಕಂಪನಿ 45 ದಿನದೊಳಗೆ ಪಾವತಿಸಬೇಕು, ತಪ್ಪಿದರೆ ಬಡ್ಡಿ ಸಮೇತ ಕೇಳುವ ಹಕ್ಕು ಕಾನೂನಿನಲ್ಲಿದೆ. ದೂರು ಕೊಟ್ಟರೆ ಆ ಸ್ಟುಡಿಯೊ ಮತ್ತೆ ಕರೆಯುವುದಿಲ್ಲ ಎಂಬುದೂ ಅಷ್ಟೇ ನಿಜ. ಹೆಚ್ಚಿನವರು ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಬರೆಯುತ್ತಾರೆ, ಅಷ್ಟರಲ್ಲೇ ಅರ್ಧ ಕೆಲಸ ಆಗುತ್ತದೆ. ವೃತ್ತಿ ಶುಲ್ಕವೆಂದು ಕೊಡುವಾಗ 10% ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬಹುದು. ರಿಟರ್ನ್ ಹಾಕಿದ ಮೇಲೆ ಅದು ಮರಳಬಹುದು, ಅಲ್ಲಿಯವರೆಗೆ ಕೈಗಿಲ್ಲ. ಗಳಿಕೆಯ ಅರ್ಧವನ್ನೇ ಲಾಭವೆಂದು ತೋರಿಸುವ ಸರಳ ಪದ್ಧತಿಯ ಪಟ್ಟಿಯಲ್ಲಿ ಸಿನಿಮಾ ಎಡಿಟರ್ ಇದ್ದಾರೆ. ಮದುವೆ, ಸಮಾರಂಭಗಳ ವಿಡಿಯೊ ಅದರಲ್ಲಿ ಬರುತ್ತದೆಯೇ ಎಂದು ಸಿಎ ಒಬ್ಬರನ್ನು ಕೇಳಿಕೊಳ್ಳಿ.

ತಂದೆಯವರ ಮುಂದೆ ಕೂರುವಾಗ ಒಂದು ಹಾಳೆ ಇರಲಿ. ಗಲ್ಲೆ ನೋಡಿಕೊಂಡವರಿಗೆ ಲೆಕ್ಕದ ಭಾಷೆ ಬೇಗ ತಿಳಿಯುತ್ತದೆ. ಅವರ ಭಯ ಎಡಿಟಿಂಗ್ ಬಗ್ಗೆ ಇರಲಾರದು, ಕಂತಿನ ಬಗ್ಗೆ ಇರಬೇಕು. ಆರು ಕಂತಿನ ದುಡ್ಡು, 1,33,200, ಅವರ ಹೆಸರೂ ಇರುವ ಖಾತೆಯಲ್ಲಿ ಎಫ್‌ಡಿ ಮಾಡಿ ರಸೀದಿ ಅವರ ಕೈಗೆ ಕೊಡಿ. ಇದು ನಿಮ್ಮ 5 ಲಕ್ಷದೊಳಗಿನದೇ, ಹೊಸ ದುಡ್ಡಲ್ಲ. ಹಾಳೆಯ ಕೆಳಗೆ ಹಿಂದಿರುಗುವ ಷರತ್ತನ್ನೂ ನೀವೇ ಬರೆಯಿರಿ: ಉಳಿತಾಯ ಇಷ್ಟಕ್ಕೆ ಇಳಿದರೆ, ಅಥವಾ ಹನ್ನೆರಡನೇ ತಿಂಗಳಲ್ಲೂ ಯಾರೂ ಒಂದು ಸೀನನ್ನಾದರೂ ಕಟ್ ಮಾಡಲು ಕೊಡದಿದ್ದರೆ, ಟೆಸ್ಟಿಂಗ್ ಕೆಲಸಕ್ಕೆ ಅರ್ಜಿ ಹಾಕುತ್ತೇನೆ ಎಂದು. ಅದಕ್ಕಾಗಿ ಈ ಹತ್ತು ತಿಂಗಳಲ್ಲಿ ಆಟೊಮೇಶನ್ ಟೆಸ್ಟಿಂಗ್ ಕಲಿತಿಟ್ಟುಕೊಳ್ಳಿ.

ಅಂಧೇರಿಯ ಸ್ಟುಡಿಯೊಗೆ ಈಗಲೇ ಇಲ್ಲ ಎನ್ನಬೇಡಿ. ರಜೆ ಹಾಕಿ ಒಂದು ವಾರ ಬಂದು ಕೂರಲೇ, ದುಡ್ಡು ಬೇಡ, ಕಾರ್ಡು ಬಂದ ರಾತ್ರಿ ಇರುತ್ತೇನೆ ಎಂದು ಕೇಳಿ. ಸಂಘದವರು ಮುಂದಿನ ಆಟದ ವಿಡಿಯೊಗೆ ಫೋನ್ ಮಾಡಿದಾಗ ಮಾತ್ರ ಪುಕ್ಕಟೆ ಬೇಡ. ನಾಲ್ಕು ಕ್ಯಾಮೆರಾ, ಮೂರು ಗಂಟೆಯ ಆಟ, ಎರಡು ಸಲ ತಿದ್ದುಪಡಿ, 6,000 ರೂಪಾಯಿ, ಅರ್ಧ ಮುಂಗಡ ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ, ಏನು ಉತ್ತರ ಬರುತ್ತದೆ ನೋಡಿ.